ಹತ್ತೂವರೆಗೆ ಹೊರಟ ದೋಣಿಗಳು

ನಾನು ತಿಪಟೂರು ಸೀಮೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ಕಬಡ್ಡಿ, ಖೊಖೋ, ಉದ್ದಜಿಗಿತ ಕಲಿಸುವವಳು. ಸಮುದ್ರವನ್ನು ಒಂದೇ ಸಲ ನೋಡಿದ್ದೆ, ಸೀರೆ ಎತ್ತಿಕೊಂಡು ಕಣಕಾಲು ನೆನೆಯುವಷ್ಟು. ಅಂಥವಳನ್ನು ಮೂರು ವರ್ಷದ ಹಿಂದೆ, ಒಂದು ಜನವರಿಯಲ್ಲಿ, ಒಂಬತ್ತನೇ ತರಗತಿಯ ಆರು ಮಕ್ಕಳ ಜೊತೆ ನಾಲ್ಕು ದಿನದ ಕಯಾಕ್ ಯಾನಕ್ಕೆ ಕಳಿಸಿದರು. ಉತ್ತರದ ಕರಾವಳಿಯಲ್ಲಿ ರಸ್ತೆಯೇ ಇಲ್ಲದ ಕಡಲದಂಡೆಗಳಿವೆ. ಇಬ್ಬರು ಕೂರುವ ಉದ್ದನೆಯ ದೋಣಿಗಳಲ್ಲಿ ಹುಟ್ಟು ಹಾಕುತ್ತಾ ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗುವುದು, ಅಲ್ಲೇ ಡೇರೆ ಹಾಕುವುದು. ಒಂದು ಸಾಹಸ ಸಂಸ್ಥೆ ಏರ್ಪಡಿಸಿದ್ದು.

ನಾಲ್ವರು ಹುಡುಗರು, ಇಬ್ಬರು ಹುಡುಗಿಯರು. ಹುಡುಗಿಯರಲ್ಲಿ ಒಬ್ಬಳು ಶೆಟ್ಟಿಕೆರೆ ಕಡೆಯವಳು, ಎತ್ತರದವಳು, ನಮ್ಮ ಖೊಖೋ ತಂಡದ ನಾಯಕಿ. ಇನ್ನೊಬ್ಬಳು ಕೊಬ್ಬರಿ ವ್ಯಾಪಾರಿಯ ಮಗಳು, ಸಣ್ಣ ದನಿಯವಳು. ಅವಳನ್ನು ಕಳಿಸುವಂತೆ ಒಪ್ಪಿಸಲು ಅವರ ಮನೆಗೆ ಮೂರು ಸಲ ಹೋಗಿದ್ದೆ. "ನಿಮ್ಮನ್ನ ನಂಬಿ ಕಳಿಸ್ತಿದೀನಿ ಕಣಮ್ಮ," ಎಂದಿದ್ದರು ಅವಳ ತಂದೆ. ಸಂಸ್ಥೆಯ ಫಾರಂನಲ್ಲಿ ಈಜು ಬರುತ್ತದೆಯೇ ಎಂಬ ಪ್ರಶ್ನೆ ಇತ್ತು. ಹೆಡ್‌ಮಾಸ್ಟರು ಆರೂ ಮಕ್ಕಳಿಗೆ ಹೌದು ಎಂದು ಬರೆದಿದ್ದರು. ಆ ಹುಡುಗಿಯರಿಬ್ಬರಿಗೂ ಈಜು ಬರುತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೆಳಗೆ ಸಹಿ ಹಾಕಿದ್ದು ನಾನೇ.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಅಳಿವೆಯ ನಿಂತ ನೀರಿನಲ್ಲಿ ಸಂಸ್ಥೆಯ ಇಬ್ಬರು ಗೈಡ್‌ಗಳು ಕಲಿಸಿದರು. ದೋಣಿ ಮಗುಚಿದರೆ ಅದನ್ನು ಬಿಟ್ಟು ಈಜಲು ಹೋಗಬೇಡಿ, ಅದನ್ನೇ ಹಿಡಿದುಕೊಂಡಿರಿ ಎಂದರು. ಅವರಲ್ಲಿ ಮುಖಂಡನಾದವನು ಇನ್ನೊಂದು ಮಾತೂ ಹೇಳಿದ: "ಬೆಳಗ್ಗೆ ಕಡಲು ನಮ್ಮದು, ಮಧ್ಯಾಹ್ನ ಗಾಳಿಯದು. ಏಳಕ್ಕೆ ಹೊರಟು ಹತ್ತಕ್ಕೆ ದಡ ಸೇರಬೇಕು."

ಎರಡನೇ ದಿನ ಆರಕ್ಕೇ ಮಕ್ಕಳು ತಯಾರಾಗಿ ನಿಂತಿದ್ದರು. ಆಗ ಆತ ಡ್ರೋನ್ ತೆಗೆದ. ಸಂಸ್ಥೆಗೆ ಒಂದು ವಿಡಿಯೊ ಬೇಕಾಗಿತ್ತಂತೆ. ಮಕ್ಕಳು ದೋಣಿ ಇಳಿಸಬೇಕು, ನಗಬೇಕು, ಮತ್ತೆ ಎಳೆದು ತರಬೇಕು, ಮತ್ತೆ ಇಳಿಸಬೇಕು. ಎಂಟಾಯಿತು. ಬಿಸಿಲು ಚೆನ್ನಾಗಿ ಬೀಳಲಿ ಎಂದು ಕಾದ. ಒಂಬತ್ತಾಯಿತು. ಬ್ಯಾಟರಿ ಬದಲಿಸಿದ. "ಸಾರ್, ಹೊತ್ತಾಯ್ತಲ್ಲ," ಎಂದೆ. "ಮೇಡಂ, ಹನ್ನೆರಡು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ," ಎಂದು ನಕ್ಕ. ನಾನು ಸುಮ್ಮನಾದೆ. ತೆಂಗಿನ ಸೀಮೆಯಿಂದ ಬಂದವಳು ಕಡಲಿನ ವಿಷಯ ಏನು ಮಾತಾಡಲಿ ಎಂದುಕೊಂಡೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಹೊರಟಾಗ ಹತ್ತೂವರೆ. ಇನ್ನೊಬ್ಬ ಗೈಡ್ ಒಂಟಿ ದೋಣಿಯಲ್ಲಿ ಮುಂದೆ, ಅವನ ಹಿಂದೆ ಹುಡುಗರ ಎರಡು ದೋಣಿ, ಆಮೇಲೆ ಹುಡುಗಿಯರು. ಕೊನೆಗೆ ಇರಬೇಕಾದವನು ಮುಖಂಡ. ಅವನ ದೋಣಿಯ ಮುಂದಿನ ಸೀಟಿನಲ್ಲಿ ನಾನು. ಹನ್ನೆರಡರ ಹೊತ್ತಿಗೆ ಕಡಲಿಗೆ ಚಾಚಿದ ಬಂಡೆಯ ಮೂತಿಯೊಂದನ್ನು ಬಳಸುವಾಗ ಗಾಳಿ ಎದ್ದಿತು. ಹುಡುಗಿಯರು ನಿಧಾನವಾದರು. ಆತ ಅವರನ್ನು ದಾಟಿ ಮುಂದೆ ಹೋದ. ಆಗಾಗ ತಿರುಗಿ ನೋಡುತ್ತಲೇ ಇದ್ದೆ. ಒಂದು ಸಲ ನೋಡಿದಾಗ ದೋಣಿಯೇ ಕಾಣಲಿಲ್ಲ.

"ಹುಡುಗೀರು ಕಾಣ್ತಿಲ್ಲ, ತಿರುಗಿಸಿ."

"ಬರ್ತಾರೆ ಮೇಡಂ. ಇಲ್ಲಿ ನಿಂತ್ರೆ ಎಲ್ಲರಿಗೂ ಕಷ್ಟ. ದಡಕ್ಕೆ ಹೋಗಿ ಆಮೇಲೆ ನೋಡೋಣ."

ನಾನು ಹುಟ್ಟನ್ನು ಹಿಂದಕ್ಕೆ ಒತ್ತಿ ಹಿಡಿದೆ. ದೋಣಿ ಅಡ್ಡ ತಿರುಗಿತು, ಅಲೆ ಬಂದು ಮಡಿಲು ತುಂಬಿತು. ಆತ ಬೈದ. "ನೀನು ತಿರುಗಿಸ್ತೀಯೋ, ನಾನು ನೀರಿಗೆ ಇಳೀಲೋ?" ಎಂದೆ. ಗಂಡಸೊಬ್ಬನನ್ನು ಏಕವಚನದಲ್ಲಿ ಕೂಗಿದ್ದು ಅದೇ ಮೊದಲು. ಆತ ತಿರುಗಿಸಿದ.

ಅವರ ದೋಣಿ ಮಗುಚಿಕೊಂಡಿತ್ತು. ಕಿತ್ತಳೆ ಬಣ್ಣದ ಎರಡು ಲೈಫ್ ಜಾಕೆಟ್ಟು, ನೀರಿನ ಮೇಲೆ ಎರಡು ತಲೆ. ಎತ್ತರದವಳು ಮಗುಚಿದ ದೋಣಿಯ ಬೆನ್ನಿನ ಮೇಲಿಂದ ಕೈ ಚಾಚಿ ಇನ್ನೊಬ್ಬಳ ಮಣಿಕಟ್ಟನ್ನು ಹಿಡಿದಿದ್ದಳು. ಗಾಳಿಯಲ್ಲಿ ಅವಳ ಮಾತು ತುಂಡು ತುಂಡಾಗಿ ಕೇಳಿಸುತ್ತಿತ್ತು. "ಬುಡಬ್ಯಾಡ ಕಣೇ. ಮಿಸ್ ಬತ್ತಾವ್ರೆ. ಬುಡಬ್ಯಾಡ."

ನಮಗಿಂತ ಮೊದಲು ಅವರನ್ನು ಮುಟ್ಟಿದ್ದು ಒಂದು ಮೀನುಗಾರರ ದೋಣಿ. ಇಬ್ಬರನ್ನೂ ಮೇಲೆಳೆದುಕೊಂಡರು. ಕೊಬ್ಬರಿ ವ್ಯಾಪಾರಿಯ ಮಗಳ ತುಟಿ ನೀಲಿಯಾಗಿತ್ತು. ಮೀನುಗಾರರಲ್ಲಿ ಹಿರಿಯನೊಬ್ಬ ನನ್ನನ್ನು ಕೇಳಿದ: "ನೀವು ಟೀಚರಾ? ಈ ಹೊತ್ತಿಗೆ ಮಕ್ಕಳನ್ನ ಕಡಲಿಗೆ ಇಳಿಸ್ತಾರಾ?" ಮುಖಂಡ ಬೇರೆ ಕಡೆ ನೋಡುತ್ತಿದ್ದ.

ಹುಡುಗರು ಇನ್ನೊಬ್ಬ ಗೈಡ್ ಜೊತೆ ಆಗಲೇ ದಡ ಸೇರಿದ್ದರು. ಯಾನ ಅಲ್ಲಿಗೇ ನಿಂತಿತು. ಸಂಜೆ ದಡದಲ್ಲಿ ಆತ ಒಂದು ಹಾಳೆ ತಂದ. 'ವಿದ್ಯಾರ್ಥಿನಿಯರು ಸೂಚನೆ ಪಾಲಿಸದೆ ಹಿಂದುಳಿದ ಕಾರಣ' ಎಂದು ಶುರುವಾಗಿತ್ತು. ಸಹಿ ಮಾಡಿ ಎಂದ. ನಾನು ಮಾಡಲಿಲ್ಲ. ಅದರ ಹಿಂಬದಿಯಲ್ಲೇ ಬರೆದೆ: ಎಷ್ಟು ಹೊತ್ತಿಗೆ ತಯಾರಾಗಿದ್ದೆವು, ಎಷ್ಟು ಹೊತ್ತಿಗೆ ಹೊರಟೆವು, ಯಾಕೆ ತಡವಾಯಿತು, ಕೊನೆಯಲ್ಲಿ ಇರಬೇಕಾದವನು ಎಲ್ಲಿದ್ದ. ಈಜಿನ ಬಗ್ಗೆ ನಾನು ಹಾಕಿದ ಸುಳ್ಳು ಸಹಿಯನ್ನೂ ಬರೆದೆ. ಹಾಳೆಯನ್ನು ಆತನಿಗೆ ಕೊಡದೆ ಊರಿಗೆ ತಂದೆ.

ಹೆಡ್‌ಮಾಸ್ಟರು ಓದಿದರು. "ಮಕ್ಕಳು ಬಂದ್ರಲ್ಲ ಬುಡಿ ಮೇಡಂ, ಯಾಕೆ ರಗಳೆ," ಎಂದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಇನ್ಮೇಲೆ ಇಂಥದ್ದಕ್ಕೆಲ್ಲ ಹುಡುಗ್ರನ್ನ ಮಾತ್ರ ಕಳಿಸೋಣ," ಎಂದರು.

ಕಡಲಿನಲ್ಲಿ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ಕೋಣೆಯಲ್ಲಿ ಬಂತು. "ತಡ ಮಾಡಿದ್ದು ಹುಡುಗೀರಲ್ಲ ಸಾರ್. ಸುಳ್ಳು ಬರೆದಿದ್ದೂ ಅವರಲ್ಲ, ನಾವು," ಎಂದೆ. ಅವರು ಹಾಳೆಯನ್ನು ಮಡಿಸಿ ನನ್ನ ಕಡೆ ತಳ್ಳಿದರು. ನಾನು ಅದನ್ನು ಇಲಾಖೆಗೆ ಕಳಿಸಿದೆ. ಯಾವ ಉತ್ತರವೂ ಬರಲಿಲ್ಲ. ಮುಂದಿನ ವರ್ಷ ನೋಟಿಸ್ ಬೋರ್ಡಿನಲ್ಲಿ ಆರು ಹುಡುಗರ ಹೆಸರು ಬಂತು. ಅವರ ಜೊತೆ ನಾನು ಹೋಗಲಿಲ್ಲ.

ಕೊಬ್ಬರಿ ವ್ಯಾಪಾರಿಯ ಮನೆಗೆ ನಾನೇ ಹೋಗಿ ಎಲ್ಲವನ್ನೂ ಹೇಳಿದ್ದೆ, ಸಹಿಯ ವಿಷಯವನ್ನೂ. ಅವರು ಕೂಗಾಡಲಿಲ್ಲ. "ಇನ್ನು ಇವಳು ಎಲ್ಲಿಗೂ ಬರಲ್ಲ ಕಣಮ್ಮ," ಎಂದು ಎದ್ದು ಒಳಗೆ ಹೋದರು. ಅವಳು ಖೊಖೋ ಬಿಟ್ಟಳು. ಶಾಲೆಯಲ್ಲಿ ನನ್ನನ್ನು ನೋಡಿದರೆ ತಲೆ ತಗ್ಗಿಸುತ್ತಿದ್ದಳು, ತಪ್ಪು ತನ್ನದೇ ಎಂಬಂತೆ. ಆ ತಗ್ಗಿದ ತಲೆಗಾಗಿ ನಾನು ಯಾರನ್ನೂ ಕ್ಷಮಿಸಿಲ್ಲ.

ಎತ್ತರದವಳು ಯಾನ ನಡೆದ ವರ್ಷದ ಬೇಸಿಗೆಯಲ್ಲೇ ನಮ್ಮ ಮನೆಗೆ ಬಂದಳು. "ಮಿಸ್, ನಂಗೆ ಈಜು ಕಲಿಸಿ," ಎಂದಳು. ನನಗೂ ಬರುವುದಿಲ್ಲ ಎಂದೆ. "ಹಂಗಾರೆ ಇಬ್ರೂ ಕಲಿಯಾಣ ಬನ್ನಿ. ನಮ್ಮ ತೋಟದ ಬಾವೀಲಿ ನಮ್ಮ ಚಿಕ್ಕಪ್ಪ ಕಲಿಸ್ತಾರೆ," ಎಂದಳು. ನಲವತ್ತನೇ ವಯಸ್ಸಿನಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದೆ.