ಮುಚ್ಚದ ಎಡಗಣ್ಣು

ನಮ್ಮ ಮೇಡಮ್ ಅವರ ಎಡಗಣ್ಣು ಮುಚ್ಚುತ್ತಿರಲಿಲ್ಲ. ಯಾವುದೋ ಕಾಯಿಲೆಗೆ ಮುಖದ ಆ ಭಾಗ ಸೆಟೆದು, ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಮಧ್ಯಾಹ್ನ ಕುರ್ಚಿಗೊರಗಿ ತೂಕಡಿಸುವಾಗಲೂ ಆ ಕಣ್ಣು ನಮ್ಮನ್ನು ನೋಡುತ್ತಲೇ ಇರುತ್ತಿತ್ತು. ನನಗಂತೂ ಮೈ ಜುಮ್ಮೆನ್ನುತ್ತಿತ್ತು.

ಮರಾಠಿ ಸೀಮೆಯ ವಿಮಾನ ನಗರದ ಆಪ್ತಸಮಾಲೋಚನಾ ಕೇಂದ್ರದಲ್ಲಿ ನಮ್ಮಂಥ ಹೊಸಬರನ್ನು ತಿದ್ದುವುದು ಅವರ ಕೆಲಸ. ಧಾರವಾಡದ ಕಡೆಯವರು. ಜಾತಿ, ಬಣ್ಣ, ಮುಖಚಹರೆಯ ಕಾರಣಕ್ಕೆ ನೊಂದು ಬಂದವರ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಮದ್ಲ ಅವರ ಕುರ್ಚ್ಯಾಗ ಕೂತು ನೋಡ್ರಿ, ಆಮ್ಯಾಲೆ ರೋಗದ ಹೆಸರು ಹೇಳ್ರಿ" ಎನ್ನುವರು. ಕೂರಿಸಿಯೇ ಬಿಡುವರು. ಇದೆಂಥ ಮಕ್ಕಳಾಟ ಎಂದು ಮೈಸೂರಿನವಳಾದ ನಾನು ಒಳಗೊಳಗೇ ನಗುತ್ತಿದ್ದೆ.

ಮಣಿಪುರದ ಹುಡುಗಿಯೊಬ್ಬಳು ಬರುತ್ತಿದ್ದಳು. ಶಾಪಿಂಗ್ ಮಾಲ್‌ನ ಅಂಗಡಿಯೊಂದರಲ್ಲಿ ಕೆಲಸ. "ಎಲ್ಲಿ ಹೋದ್ರೂ ಯಾರೋ ನನ್ನ ನೋಡ್ತಾರೆ, ಇಲ್ಲೂ ನೋಡ್ತಿದ್ದಾರೆ" ಎಂದು ನನ್ನ ತಲೆಯಾಚೆ ದಿಟ್ಟಿಸುತ್ತ ಹಿಂದಿಯಲ್ಲಿ ಪಿಸುಗುಡುವಳು. ನನ್ನ ಬೆನ್ನ ಹಿಂದೆ ಗಾಜು ಹಾಕಿದ ಚಿತ್ರಪಟವೊಂದು ಬಿಟ್ಟರೆ ಬರೀ ಗೋಡೆ. ಅವಳು ಕೆಲಸಕ್ಕೆ ಯೋಗ್ಯಳೇ ಎಂದು ಅಂಗಡಿಯವರು ಕೇಳಿದ್ದರು. ಭ್ರಮೆ ಎಂದು ಬರೆದುಬಿಡಿ ಎಂದರು ನಮ್ಮ ಡಾಕ್ಟರು. ಹಾಗೆ ಬರೆದರೆ ಅವಳ ಹೊಟ್ಟೆಪಾಡಿಗೆ ಕಲ್ಲು ಬೀಳುವುದು ಖಂಡಿತ.

ಮೇಡಮ್ ಬಂದು ನಮ್ಮಿಬ್ಬರ ಜಾಗ ಬದಲಿಸಿದರು. ಅವಳು ನನ್ನ ಕುರ್ಚಿಯಲ್ಲಿ, ನಾನು ಅವಳದರಲ್ಲಿ. ಸ್ವಲ್ಪ ಹೊತ್ತಿಗೆ ಚಿತ್ರಪಟದ ಗಾಜಿನಲ್ಲಿ ಒಂದು ಮುಖ ಮೂಡಿತು. ಅದರ ಪಕ್ಕ ಇನ್ನೊಂದು. ನಗುವಿಲ್ಲ, ಮಾತಿಲ್ಲ, ಬರೀ ಕಣ್ಣುಗಳು. ಥಟ್ಟನೆ ತಿರುಗಿದೆ. ನನ್ನ ಮೊದಲಿನ ಕುರ್ಚಿಯಿಂದ ಬೀರುವಿನ ಮರೆಗೆ ಕಾಣದಿದ್ದ ಬಾಗಿಲ ಸಂದಿಯಲ್ಲಿ ನಮ್ಮದೇ ವಾಚ್‌ಮನ್, ನಮ್ಮದೇ ರಿಸೆಪ್ಷನ್ನಿನವಳು. ದಿನಾ ನನ್ನ ಜೊತೆ ಚಹಾ ಕುಡಿಯುವವರು.

"ಏನಿಲ್ಲ ಮ್ಯಾಡಮ್, ಇಂಥವರು ಹೆಂಗಿರ್ತಾರೆ ಅಂತ ನೋಡ್ತಿದ್ವಿ" ಎಂದ ವಾಚ್‌ಮನ್, ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ.

"ರೋಗ ಆಕೀಗಿಲ್ಲ, ನಮ್ಮ ಕೋಣೀಗದ" ಎಂದರು ಮೇಡಮ್. ಅದನ್ನೇ ಬರೆದೆ. ಹುಡುಗಿಯ ಕೆಲಸ ಉಳಿಯಿತು.

ಹೋದ ವರ್ಷ ಮೇಡಮ್ ತೀರಿಕೊಂಡರು. ಬಂಧುಗಳು ಆ ಎಡರೆಪ್ಪೆಯನ್ನು ಕೆಳಗೆಳೆದಷ್ಟೂ ಅದು ನಿಧಾನಕ್ಕೆ ಮೇಲೇರುತ್ತಿತ್ತು. ಕೂತವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಎಲ್ಲರ ಕಣ್ಣಿಗೂ ಅಂಜುತ್ತಿದ್ದ ಆ ಹುಡುಗಿ ಮಾತ್ರ ಅದರ ಎದುರಿಗೇ ಹೋಗಿ ಕೂತಳು. ನನಗೆ ಅಳು ತಡೆಯಲಾಗಲಿಲ್ಲ.

ಯಾರೋ ಮತ್ತೆ ರೆಪ್ಪೆಗೆ ಕೈ ಹಾಕಿದರು.

"ಬಿಡ್ರಿ," ಎಂದೆ, "ನೋಡ್ಲಿ."