ಕಾಯಿಲೆ ಹೇಳದ ಗುಣಪಾಲಣ್ಣ

ಬದಿಯಡ್ಕದ ನನ್ನ ಕ್ಲಿನಿಕ್ಕಿಗೆ ಹನ್ನೊಂದು ವರ್ಷಗಳಿಂದ ಬರುತ್ತಿದ್ದ ಗುಣಪಾಲಣ್ಣ ಒಮ್ಮೆಯೂ ತಮ್ಮ ಕಾಯಿಲೆ ಏನೆಂದು ಹೇಳಿದವರಲ್ಲ. ಮದುಮಗನ ಹಾಗೆ ಕುರ್ಚಿಯಲ್ಲಿ ಕೂರುತ್ತಾರೆ, ಕೈ ಮುಂದೆ ಚಾಚುತ್ತಾರೆ, ನಗುತ್ತಾರೆ.

"ಎಂತ ಆಗ್ತದೆ ಗುಣಪಾಲಣ್ಣ?"

"ಅದನ್ನು ನೀವು ಹೇಳ್ಬೇಕು ಡಾಕ್ಟ್ರೇ. ಪ್ರಶ್ನೆ ಇಡ್ಲಿಕ್ಕೆ ಹೋದ್ರೆ ಜೋಯಿಸರು ನಮ್ಮನ್ನು ಕೇಳ್ತಾರಾ? ಕವಡೆ ಮಗುಚಿ ಅವರೇ ಹೇಳ್ತಾರೆ. ನೀವು ಅಷ್ಟು ವರ್ಷ ಕಲಿತದ್ದು ಎಂತಕ್ಕೆ ಮತ್ತೆ?"

ಕಾರಡ್ಕದ ಕಡೆಗೆ ಸರ್ವಿಸ್ ಜೀಪು ಓಡಿಸುವ ಈ ಮಹಾಶಯರು ಉಳಿದ ವಿಷಯಗಳಲ್ಲಿ ಮೌನಿಯಲ್ಲ. ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂತು, ಯಾವ ಬಸ್ಸಿನ ಕಂಡಕ್ಟರ್ ಯಾರೊಡನೆ ಮಾತು ಬಿಟ್ಟ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ತಮ್ಮ ದೇಹದ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ.

ನನ್ನ ಮಾನ ಉಳಿಸುತ್ತಿದ್ದವರು ಅವರ ಹೆಂಡತಿ ಹರಿಣಾಕ್ಷಿ. ಬೀಡಿ ಕಟ್ಟುವ ಚುರುಕು ಬೆರಳಿನವರು. ಗಂಡನ ಬೆನ್ನ ಹಿಂದೆ ನಿಂತು ಮೂಗು ಹಿಡಿದು ತೋರಿಸಿದರೆ ಶೀತ, ಹೊಟ್ಟೆ ತಿರುವಿ ತೋರಿಸಿದರೆ ಗ್ಯಾಸ್. ನಾನು ನಾಡಿ ಹಿಡಿದು, ಕಣ್ಣು ಮುಚ್ಚಿ, ಗಂಭೀರವಾಗಿ "ಹೊಟ್ಟೆ" ಎನ್ನುವುದು. "ನೋಡಿದಿಯಾ!" ಎಂದು ಅವರು ಹೆಂಡತಿಯ ಕಡೆ ತಿರುಗುವಷ್ಟರಲ್ಲಿ ಹರಿಣಾಕ್ಷಿ ಗೋಡೆಯ ಕ್ಯಾಲೆಂಡರ್ ಓದುತ್ತಿರುತ್ತಾರೆ. ಆಮೇಲೆ ಒಂದು ವಾರ ಜೀಪಿನ ತುಂಬ ಡಾಕ್ಟರ್ ಶ್ರೀರಂಜಿನಿಯ ಗುಣಗಾನ. ನನಗೂ ಸ್ವಲ್ಪ ತಲೆ ತಿರುಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕಳೆದ ವರ್ಷ ಕ್ಲಿನಿಕ್ಕಿಗೆ ಒಂದು ಕ್ಯಾಮೆರಾ ಬಂತು. ಸಕ್ಕರೆ ಕಾಯಿಲೆಯವರ ಕಣ್ಣಿನ ಒಳಭಾಗದ ಫೋಟೋ ತೆಗೆದು, ಸಕ್ಕರೆಯಿಂದ ಅಲ್ಲಿ ಹಾನಿಯಾಗಿದೆಯೇ ಎಂದು ಕೃತಕ ಬುದ್ಧಿಮತ್ತೆಯಿಂದ ಅರ್ಧ ನಿಮಿಷದಲ್ಲಿ ಹೇಳುವ ಯಂತ್ರ. ಅದರ ಕೆಲಸ ಅಷ್ಟೇ. ಮೊದಲ ವಾರ ನನಗೆ ಹೊಟ್ಟೆಕಿಚ್ಚು. ಎರಡನೆಯ ವಾರ ಅದು ಮೂರು ಜನರ ಕಣ್ಣಿನ ತೊಂದರೆ ಸರಿಯಾಗಿ ಹಿಡಿದಾಗ ಹುಚ್ಚು ಮೋಹ. ಫೋಟೋ ಎಂದು ಕೇಳಿ ಕೆಲವರು ಪೌಡರ್ ಹಾಕಿಕೊಂಡು ಬಂದರು.

"ಅದು ಎಂತದೂ ಕೇಳುವುದಿಲ್ವಾ?" ಎಂದರು ಗುಣಪಾಲಣ್ಣ.

"ಇಲ್ಲ."

"ಹಾಗಾದ್ರೆ ಅದೇ ಸರಿಯಾದ ಡಾಕ್ಟ್ರು ಮಾರಾಯ್ರೇ!"

ಆ ಮಾತು ನನಗೆ ನಾಟಿತು, ಸುಳ್ಳು ಹೇಳುವುದಿಲ್ಲ.

ಆರು ವರ್ಷದಿಂದ ಸಕ್ಕರೆ ಇದ್ದ ಅವರು ಮರುದಿನವೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಹೊರಗೆ ಜನ ತುಂಬಿದ ಜೀಪು ಕಾಯುತ್ತಿತ್ತು. ಯಂತ್ರದ ಮುಂದೆ ಗದ್ದ ಊರಿ ಕೂತರು. ಪರದೆಯಲ್ಲಿ ಹಸಿರು ಗುರುತು ಬಂತು.

"ಎರಡೂ ಕಣ್ಣು ಫಸ್ಟ್ ಕ್ಲಾಸ್ ಉಂಟು, ಹೋಗಿ ಬನ್ನಿ!" ಎಂದು ಚೀಟಿ ಕೊಟ್ಟು ನಾನು ಮುಂದಿನವರನ್ನು ಕರೆದೆ.

ಅವರ ಮುಖ ಬಾಡಿತು. "ಇನ್ನೊಮ್ಮೆ ನೋಡ್ಲಿ ಅದು."

ಇನ್ನೊಮ್ಮೆ ನೋಡಿತು. ಮತ್ತೆ ಹಸಿರು. ಅಭ್ಯಾಸಬಲದಿಂದ ನಾನು ಹರಿಣಾಕ್ಷಿಯ ಕಡೆ ನೋಡಿದರೆ ಅವರೂ ಕೈ ಚೆಲ್ಲಿದರು, ಅವರಿಗೇನೂ ತಿಳಿದಿಲ್ಲ. ಗುಣಪಾಲಣ್ಣ ಬಾಗಿಲವರೆಗೆ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಹೊರಗೆ ಯಾರೋ ಜೀಪಿನ ಹಾರ್ನ್ ಒತ್ತಿದರು. ಅವರು ಬಂದು ಧೊಪ್ಪನೆ ಕುರ್ಚಿಯಲ್ಲಿ ಕೂತರು.

"ಸಂಜೆ ಹೊತ್ತು ಎದುರಿನ ಬಸ್ಸಿನ ಲೈಟಿಗೆ ಸುತ್ತ ಬಣ್ಣ ಬಣ್ಣದ ಬಳೆ ಕಾಣ್ತದೆ ಡಾಕ್ಟ್ರೇ. ಎಡಗಣ್ಣಿಗೆ. ಆಗ ಹುಬ್ಬಿನ ಮೇಲೆ ನೋವು ಸಹ. ಎರಡು ತಿಂಗಳಾಯ್ತು."

ನಾನು ಕುರ್ಚಿಯಿಂದ ಹಾರಿ ಎದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಅವರ ಬಾಯಿಂದಲೇ ಒಂದು ಲಕ್ಷಣ! ಕುಣಿಯಬೇಕೆನಿಸಿತು, ಆದರೆ ಕುಣಿಯುವ ಹೊತ್ತಲ್ಲ. ಕಣ್ಣಿನೊಳಗಿನ ಒತ್ತಡ ಒಮ್ಮೊಮ್ಮೆ ಏರುತ್ತಿರುವ ಸೂಚನೆ ಅದು. ಯಂತ್ರಕ್ಕೆ ಅದನ್ನು ಯಾರೂ ಕಲಿಸಿರಲಿಲ್ಲ. ಹಾಗೆಯೇ ಬಿಟ್ಟರೆ ಒಂದು ಸಂಜೆ ಆ ಕಣ್ಣು ಹೋಗಬಹುದು, ಕಣ್ಣಿನೊಂದಿಗೆ ಜೀಪೂ ಹೋದಂತೆ.

ಜೀಪಿನ ಕೀ ಕಿತ್ತುಕೊಂಡು, ಈಗಲೇ ಮಂಗಳೂರಿಗೆ ಹೋಗಬೇಕು ಎಂದೆ. ಜೀಪಿನಲ್ಲಿದ್ದ ನಿವೃತ್ತ ಬಸ್ ಡ್ರೈವರ್ ಚೆನ್ನಪ್ಪ ಸ್ಟೀರಿಂಗ್ ಹಿಡಿದರು. "ನಾವೆಲ್ಲಿ ಇಳಿಯುವುದು?" ಎಂದು ಕೇಳುತ್ತಲೇ ಉಳಿದವರೂ ಇಳಿಯಲಿಲ್ಲ. ಹೀಗೆ ಕಾರಡ್ಕಕ್ಕೆ ಹೊರಟಿದ್ದ ಏಳು ಮಂದಿ, ಎರಡು ಕಿಲೋ ಬಂಗುಡೆ ಮೀನಿನ ಸಮೇತ, ಕೇರಳದ ಗಡಿ ದಾಟಿ ಮಂಗಳೂರಿನ ಕಣ್ಣಾಸ್ಪತ್ರೆ ಸೇರಿದರು. ಬಾಯಿ ಬಿಟ್ಟ ಗುಣಪಾಲಣ್ಣ ದಾರಿಯುದ್ದಕ್ಕೂ ಮೊಣಕಾಲು, ಹಲ್ಲು, ಮೂಲವ್ಯಾಧಿಯವರೆಗೆ ಹನ್ನೊಂದು ವರ್ಷದ ಬಾಕಿಯನ್ನೆಲ್ಲ ಹೇಳಿದರಂತೆ. ಬಂಗುಡೆಯ ವಾಸನೆಗಿಂತ ಅದೇ ಕಷ್ಟವಾಯಿತು ಎಂದರು ಚೆನ್ನಪ್ಪ.

ಲೇಸರ್ ಚಿಕಿತ್ಸೆಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಕಣ್ಣು ಉಳಿಯಿತು.

ಎರಡು ವಾರ ಬಿಟ್ಟು ಬಂದಾಗ ನಾನು ಜಂಬದಿಂದಲೇ ಕೇಳಿದೆ, "ಅಂತೂ ಯಂತ್ರ ಸೋತಿತಲ್ಲ! ನನಗೆ ಹೇಳದವರು ಆ ದಿನ ಹೇಗೆ ಹೇಳಿದಿರಿ?"

ಅವರು ನಗಲಿಲ್ಲ.

"ಅದು ಸೋತದ್ದಕ್ಕೆ ಅಲ್ಲ ಡಾಕ್ಟ್ರೇ. ಇಷ್ಟು ವರ್ಷ ನಾನು ಹೇಳದಿದ್ರೂ ನೀವು ಕೇಳ್ತಾ ಇದ್ರಿ. ಕಾಯಿಲೆ ಸಿಕ್ಕುವವರೆಗೆ ನೀವು ಬಿಡುವುದಿಲ್ಲ ಅಂತ ನನಗೆ ಧೈರ್ಯ ಇತ್ತು. ಆ ದಿನ ಅದೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ನನಗೆ ಹೆದರಿಕೆ ಆಯ್ತು."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಹೌದು, ಆ ದಿನ ನಾನು ಕೇಳಿರಲಿಲ್ಲ.