ಪೆಟ್ಟಿಗೆಯ ಈಚೆಗಿನ ತಂತಿ

ದೆವ್ವ, ಶಕುನ, ಸತ್ತವರು ಬಂದು ಕರೆಯುವುದು, ಇವೆಲ್ಲ ಹೊಟ್ಟೆ ತುಂಬಿದವರ ಹರಟೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಶಂಕರಘಟ್ಟದಲ್ಲಿ ನಾನು ಕೆಲಸ ಮಾಡುವ ಕಚೇರಿಯಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿದ್ದ ಹಾಗೆ ಯಾರಾದರೊಬ್ಬರು ಇಂಥ ಕಥೆ ತೆಗೆಯುತ್ತಿದ್ದರು. ಯಾರದೋ ಅತ್ತೆ ತೀರಿಕೊಂಡ ಗಳಿಗೆಯಲ್ಲೇ ಗೋಡೆ ಗಡಿಯಾರ ನಿಂತುಹೋಯಿತಂತೆ. “ಸೆಲ್ ಮುಗಿದಿರಬೇಕು” ಎಂದು ನಾನು ಉಪ್ಪಿನಕಾಯಿ ನೆಂಚಿಕೊಳ್ಳುತ್ತಾ ಹೇಳಿ ಎಲ್ಲರ ರುಚಿ ಕೆಡಿಸುತ್ತಿದ್ದೆ. ಹಾಗಾಗಿ ನನಗೇ ಆದದ್ದರ ಬಗ್ಗೆ ಆ ಟೇಬಲ್ಲಿನಲ್ಲಿ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಬಿಟ್ಟರೆ ಇಷ್ಟು ವರ್ಷದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾರೆ. ನಿಮ್ಮ ಮುಂದೆ ಹೇಳುತ್ತೇನೆ. ನಗುವುದಾದರೆ ನಕ್ಕುಬಿಡಿ, ನನ್ನ ಕಣ್ಣಿಗಂತೂ ಬೀಳುವುದಿಲ್ಲ.

ವಿಷಯ ನನ್ನ ಭಾವನದು, ಎಂದರೆ ಅಕ್ಕನ ಗಂಡನದು. ಭದ್ರಾವತಿಯ ನ್ಯೂಟೌನಿನಲ್ಲಿ ಅವರ ಮನೆ. ಭಾವ ಟೆಲಿಫೋನ್ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಊರಿಗೆಲ್ಲ ಅವರು ಲೈನ್‌ಮನ್ ನಾಗಣ್ಣ. ಮನೆಯ ಜಗುಲಿಯಲ್ಲಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಕಪ್ಪು ಪೆಟ್ಟಿಗೆ ಇದೆ, ಅಂಗೈಯಷ್ಟು ಅಗಲದ್ದು. ರಸ್ತೆಯ ಕಂಬದಿಂದ ಬರುವ ಫೋನಿನ ತಂತಿ ಅದರೊಳಗೆ ಮುಗಿಯುತ್ತದೆ, ಮನೆಯೊಳಗಿನ ತಂತಿ ಅಲ್ಲಿಂದ ಶುರುವಾಗುತ್ತದೆ. ನಡುವೆ ಎರಡು ಸ್ಕ್ರೂ, ಅಷ್ಟೆ. ಫೋನ್ ಕೆಟ್ಟಾಗ ಲೈನ್‌ಮನ್ನರು ಮೊದಲು ಈ ಪೆಟ್ಟಿಗೆ ಬಿಚ್ಚಿ, ಎರಡೂ ತಂತಿಗಳನ್ನು ಬೇರೆ ಮಾಡಿ, ಒಂದೊಂದನ್ನೇ ಪರೀಕ್ಷಿಸುತ್ತಾರೆ. ತೊಂದರೆ ಆಚೆಗಿನದಾದರೆ ಇಲಾಖೆಯದು, ಈಚೆಗಿನದಾದರೆ ಮನೆಯವರದು. ಭಾವ ಈ ನ್ಯಾಯವನ್ನು ಸಂಸಾರಕ್ಕೂ ಹಚ್ಚಿದ್ದರು. ಪಕ್ಕದ ಮನೆಯ ಜಗಳದ ಸುದ್ದಿಯನ್ನು ಅಕ್ಕ ಆಸೆಯಿಂದ ಹೊತ್ತು ತಂದರೆ “ಅದು ಪೆಟ್ಟಿಗೆ ಆಚೆದು ಮಾರಾಯ್ತಿ, ನಮಗ್ಯಾಕೆ?” ಎಂದು ಪೇಪರ್ ಬಿಡಿಸಿಕೊಳ್ಳುತ್ತಿದ್ದರು.

ಅವರದು ಇನ್ನೊಂದು ರೂಢಿಯಿತ್ತು. ಬೇರೆ ಲೈನ್‌ಮನ್ನರು ರಿಪೇರಿ ಮುಗಿಸಿ ಕಂಬದ ಮೇಲಿಂದ “ಹಲೋ, ಟೆಸ್ಟಿಂಗ್” ಅನ್ನುತ್ತಿದ್ದರು. ಭಾವ ಹಾಗನ್ನುತ್ತಿರಲಿಲ್ಲ. ಯಾರ ಮನೆಯ ಲೈನಾದರೂ ಸರಿ, ಎತ್ತಿದವರಿಗೆ “ಊಟ ಆಯ್ತಾ?” ಎಂದು ಕೇಳುತ್ತಿದ್ದರು. ಬೆಳಗಿನ ಕಾಫಿ ಹೊತ್ತಿನಲ್ಲೂ ಅದೇ ಪ್ರಶ್ನೆ. ನಾವು ತಮಾಷೆ ಮಾಡಿದರೆ ಅವರ ಹತ್ತಿರ ಉತ್ತರ ಸಿದ್ಧವಿತ್ತು. “ಹಲೋ ಅಂದ್ರೆ ಹಲೋ ಅಂತ ಹೇಳಿ ಇಟ್ಬಿಡ್ತಾರೆ. ಊಟ ಆಯ್ತಾ ಅಂದ್ರೆ ಏನು ಸಾರು, ಯಾರು ನೆಂಟರು, ಎಲ್ಲಾ ಹೇಳ್ತಾರೆ. ಅಷ್ಟರಲ್ಲಿ ಲೈನಲ್ಲಿ ಗೊರಗೊರ ಇದ್ಯೋ ಇಲ್ವೋ ಗೊತ್ತಾಗುತ್ತೆ.”

ಓದುವ ಕಾಲಕ್ಕೆ ನಾನು ಅವರ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಫೋನು ಪೂರ್ತಿ ಹೊಡೆದುಕೊಳ್ಳದೆ ‘ಟಿಂಗ್’ ಎಂದು ಅರ್ಧ ಸದ್ದು ಮಾಡಿತೆಂದರೆ, ಭಾವ ನಮ್ಮ ಬೀದಿಯ ಕಂಬದಲ್ಲಿ ತಂತಿ ಮುಟ್ಟಿದ್ದಾರೆ ಎಂದು ಅರ್ಥ. ಎತ್ತಿದರೆ “ಊಟ ಆಯ್ತಾ?” “ಆಯ್ತು ಭಾವ, ನಿಮ್ದು?” “ನಂದಿನ್ನೂ ಇಲ್ಲ.” ಮೂರು ಮಾತು, ದಿನಾ ಅದೇ. ಅಕ್ಕ ಆಗ ಎದ್ದು ಸಾರು ಬಿಸಿ ಮಾಡಲು ಇಡುತ್ತಿದ್ದಳು.

ಅಂಥ ಭಾವನಿಗೆ ಲಕ್ವ ಹೊಡೆಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದು, ಆಮೇಲೆ ಅಕ್ಕನ ಜೊತೆ ಅಲ್ಲೇ ಸವಳಂಗ ರಸ್ತೆಯ ನಮ್ಮ ಮನೆಗೆ ಬಂದರು. ಕೈಕಾಲು ನಿಧಾನವಾಗಿ ಆಡತೊಡಗಿದವು, ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಬಾಯಿ ತೆರೆದರೆ ಒಂದು ಅಕ್ಷರವೂ ಹೊರಡದೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಬರಬರುತ್ತ ಬಾಯಿ ತೆರೆಯುವುದನ್ನೇ ಬಿಟ್ಟರು, ಊಟಕ್ಕೂ ತುಟಿ ಬಿಗಿದು ಮುಖ ತಿರುಗಿಸತೊಡಗಿದರು. ಮಾತು ಮರಳಬಹುದು, ಮರಳದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಇದನ್ನು ಒಪ್ಪಲೇ ಇಲ್ಲ. “ಒಳಗಿನ ಲೈನ್ ಸರಿ ಇದೆ ಕಣೇ, ಆಚೆದು ಎಲ್ಲೋ ಕಟ್ ಆಗಿದೆ ಅಷ್ಟೆ” ಅನ್ನುತ್ತಿದ್ದಳು. ಗಂಡನ ಭಾಷೆಯನ್ನು ಅವಳು ಹಾಗೆ ಬಳಸುವುದು ಕೇಳಿದಾಗ ನನಗೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಬೇಕೆನಿಸುತ್ತಿತ್ತು. ನನಗೆ ಅವಳ ನಂಬಿಕೆ ಇರಲಿಲ್ಲ.

ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು. ಭದ್ರಾವತಿಗೆ ಹೋದ ಮೇಲೂ ದಿನಾ ವಿಡಿಯೋ ಕಾಲ್‌ನಲ್ಲಿ ಅಭ್ಯಾಸ ಮಾಡಿಸುತ್ತೇನೆ, ನಿಲ್ಲಿಸಬೇಡಿ ಎಂದರು. ಆದರೆ ಭಾವನ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಬೀದಿಯ ತಿರುವಿನ ಮೋರಿಯ ಹತ್ತಿರ ಹೋಗಿ ನಿಲ್ಲಬೇಕು. ಅವರನ್ನು ಕರೆದುಕೊಂಡು ಹೋಗುವ ಮೊದಲು ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಬೇಕೆಂದಾಯಿತು. ನಾನು ರಜೆ ಹಾಕಿ, ಅಕ್ಕ ಕಟ್ಟಿಕೊಟ್ಟ ಚಪಾತಿ ಪಲ್ಯ ಹಿಡಿದು, ಬೀಗದ ಕೈ ತೆಗೆದುಕೊಂಡು ಹೊರಟೆ.

ಕೆಲಸಕ್ಕೆ ಬಂದವನು ಹಳೇ ಟೌನಿನ ಸಾದಿಕ್, ನಲವತ್ತರ ಆಸುಪಾಸಿನವನು, ಮಾತಿಗಿಂತ ಕೈ ಚುರುಕು. ಕಂಬದಿಂದ ತೆಳ್ಳನೆಯ ಕರಿ ವೈರು ಎಳೆದು ತಂದು, ಹಳೇ ಪೆಟ್ಟಿಗೆಯ ಪಕ್ಕದಲ್ಲೇ ಹೊಸ ಬಿಳೀ ಪೆಟ್ಟಿಗೆ ಕೂರಿಸಿದ. ಆಮೇಲೆ “ಈ ಹಳೇ ತಾಮ್ರದ್ದು ಸತ್ತು ಯಾವ ಕಾಲ ಆಯ್ತೋ ಮೇಡಂ. ತೆಗೆದುಬಿಡ್ಲಾ?” ಎಂದು ಕೇಳಿದ. ಹೊರಗಿನ ತಂತಿ ತೆಗಿ, ಪೆಟ್ಟಿಗೆ ಮುಟ್ಟಬೇಡ ಎಂದೆ. ಭಾವನ ಆಸ್ತಿಯಲ್ಲಿ ಈಚೆಗಿನದಕ್ಕೆ ಕೈ ಹಾಕಲು ನನಗೆ ಧೈರ್ಯವಿರಲಿಲ್ಲ. ಅವನು ಕಂಬದವರೆಗಿನ ಹಳೇ ತಂತಿಯನ್ನು ಪೂರ್ತಿ ಕತ್ತರಿಸಿ, ಸುರುಳಿ ಸುತ್ತಿ ಕಾಂಪೌಂಡಿನ ಮೇಲಿಟ್ಟ. ನಾನೇ ನಿಂತು ನೋಡಿದೆ. ಪೆಟ್ಟಿಗೆಯ ಕೆಳಗೆ ಗೇಣುದ್ದದ ತುಂಡೊಂದು ತುದಿ ಬಿಚ್ಚಿಕೊಂಡು ನೇತಾಡುತ್ತಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಹೊಸ ಪೆಟ್ಟಿಗೆಯ ದೀಪ ಹತ್ತಿದ ಹೊರತು ಕೆಲಸ ಮುಗಿಯುವಂತಿರಲಿಲ್ಲ. ಸಾದಿಕ್ ಗೇಟಿನಾಚೆ ಹೊಂಗೆ ಮರದ ನೆರಳಿನಲ್ಲಿ ಬೈಕಿನ ಮೇಲೆ ಕುಳಿತ. ನಾನು ಒಳಗೆ ಹೋಗಿ ಊಟ ಮುಗಿಸಿ, ಕೈ ತೊಳೆದು, ಭಾವನ ಬೆತ್ತದ ಕುರ್ಚಿಯಲ್ಲಿ ಒರಗಿಕೊಂಡೆ.

ಆ ಮಧ್ಯಾಹ್ನವನ್ನು ಹೇಗೆ ಹೇಳಲಿ! ಫ್ಯಾನು ನಿಂತು ಮನೆ ತುಂಬ ಮೌನ. ಮುಚ್ಚಿದ ಕಿಟಕಿಯ ಹಸಿರು ಗಾಜಿನಿಂದ ಬಿಸಿಲು ಸೋಸಿ ಬಂದು, ನೆಲ, ಗೋಡೆ, ನನ್ನ ಕೈ ಎಲ್ಲವೂ ಕೆರೆಯ ತಳದಲ್ಲಿದ್ದ ಹಾಗೆ ಕಾಣುತ್ತಿತ್ತು. ಮೊದಲಾದರೆ ಆ ಹೊತ್ತಿಗೆ ಊರಿನ ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳುತ್ತಿತ್ತು. ಅದಕ್ಕಾಗಿ ಕಿವಿ ತಾನಾಗಿಯೇ ಕಾಯುತ್ತಿತ್ತು. ಎದುರಿನ ಸ್ಟೂಲಿನ ಮೇಲೆ ಡಯಲ್ ತಿರುಗಿಸುವ ಹಳೇ ಫೋನು, ಅಕ್ಕ ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತಿತ್ತು. ನಾನು ಓದುವ ಹುಡುಗಿಯಾಗಿದ್ದಾಗಲೂ ಹೀಗೇ ಇತ್ತು, ಆಮೇಲೆ ಏನೇನೂ ನಡೆದೇ ಇಲ್ಲ ಅನ್ನಿಸಿತು. ಸಂತೋಷವೂ ಅಲ್ಲ, ದುಃಖವೂ ಅಲ್ಲ, ಹಾಗೇ ಇದ್ದುಬಿಡಬೇಕೆನಿಸಿತು.

‘ಟಿಂಗ್’ ಎಂದಿತು.

ನಾನು ಯೋಚಿಸಲಿಲ್ಲ. ಕೈ ಚಾಚಿ, ಬಟ್ಟೆ ಸರಿಸಿ, ರಿಸೀವರ್ ಎತ್ತಿ ಕಿವಿಗಿಟ್ಟೆ. ದೂರದಲ್ಲಿ ಗಾಳಿ ಬೀಸುವ ಹಾಗೆ ಒಂದು ಸದ್ದು. ಅದರ ಹಿಂದಿನಿಂದ ಭಾವನ ದನಿ, ಕಂಬದ ಮೇಲಿಂದ ಬರುತ್ತಿದ್ದಂತೆಯೇ, ಸ್ವಲ್ಪ ಏದುಸಿರಿನೊಂದಿಗೆ.

“ಊಟ ಆಯ್ತಾ?”

“ಆಯ್ತು ಭಾವ, ನಿಮ್ದು?” ಎಂದೆ.

ಉತ್ತರ ಬರಲಿಲ್ಲ. ಗಾಳಿಯ ಸದ್ದೂ ನಿಂತಿತು. ಕಿವಿಯಲ್ಲಿ ಬರೀ ಸತ್ತ ಪ್ಲಾಸ್ಟಿಕ್ಕು. ಆಗ ನನಗೆ ಎಚ್ಚರವಾಯಿತು ಅನ್ನಲೇ? ನಿದ್ದೆ ಹತ್ತಿತ್ತು, ಕನಸು ಬಿತ್ತು ಎಂದು ನೀವು ಹೇಳುತ್ತೀರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಉಪ್ಪಿನಕಾಯಿ ನೆಂಚಿಕೊಳ್ಳುತ್ತಾ. ಆದರೆ ರಿಸೀವರ್ ನನ್ನ ಕೈಯಲ್ಲಿತ್ತು. ಹೊರಗಿನಿಂದ ಸಾದಿಕ್ ಕೂಗಿದ. “ಕರೆಂಟ್ ಬಂತಾ ಮೇಡಂ? ಒಳಗೆ ಏನೋ ಬೆಲ್ ಆಯ್ತಲ್ಲ?”

ಕರೆಂಟ್ ಬಂದಿರಲಿಲ್ಲ.

ಮೊದಲು ಬಂದದ್ದು ದೆವ್ವದ ಭಯವಲ್ಲ. ಭಾವ ಹೋಗಿಬಿಟ್ಟರು ಅನ್ನಿಸಿತು. ಗಡಿಯಾರ ನಿಂತ ಕಥೆಗಳೆಲ್ಲ ಒಟ್ಟಿಗೆ ಮೇಲೆ ಬಿದ್ದ ಹಾಗಾಯಿತು. ಚಪ್ಪಲಿಯನ್ನೂ ಮೆಟ್ಟದೆ ಮೋರಿಯ ಕಡೆಗೆ ಓಡಿದೆ. ಕಾದ ಟಾರಿನಲ್ಲಿ ಕಾಲು ಸುಟ್ಟದ್ದು ಸಂಜೆ ಮನೆಗೆ ಹೋದ ಮೇಲೆ ಗೊತ್ತಾಯಿತು. ಸಿಗ್ನಲ್ ಬಂದ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಎತ್ತಿದಳು, ಅಳುತ್ತಿದ್ದಳು. ಮುಗಿಯಿತು ಎಂದುಕೊಂಡೆ.

“ಅಕ್ಕಾ, ಭಾವ...”

“ಮಾತಾಡಿದ್ರು ಕಣೇ! ಈಗ, ಇದೇ ಈಗ. ನಿಂಗೇ ಫೋನ್ ಮಾಡೋಣ ಅಂತಿದ್ದೆ.”

ನಾನು ಮೋರಿಯ ಕಟ್ಟೆಯ ಮೇಲೆ ಕುಳಿತೆ. ಏನಂದರು ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು.

“‘ನಂದಿನ್ನೂ ಇಲ್ಲ’ ಅಂದ್ರು. ಸ್ಪಷ್ಟವಾಗಿ ಅಂದ್ರು ಮಾರಾಯ್ತಿ. ನಾನು ಬಟ್ಟೆ ಮಡಚ್ತಾ ಇದ್ದೆ, ಏನೂ ಕೇಳೇ ಇರ್ಲಿಲ್ಲ. ಆಮೇಲೆ ನೆನಪಾಯ್ತು, ಅವ್ರ ಊಟ ಇನ್ನೂ ಆಗಿಲ್ಲ ಅಂತ. ಕಲಸಿ ಕೊಟ್ರೆ ಬಾಯಿ ತೆರೆದು ತಿಂತಾ ಇದ್ದಾರೆ ಕಣೇ.”

ನಾನು ಬೀದಿಯಲ್ಲೇ ಜೋರಾಗಿ ಅತ್ತೆ. ಯಾರೋ ಸೈಕಲ್ ನಿಲ್ಲಿಸಿ ನೋಡಿ, ಮುಂದೆ ಹೋದರು.

ವಾಪಸು ಬಂದು ಸಾದಿಕ್‌ನನ್ನು ಕೇಳಿದೆ. ಕತ್ತರಿಸಿದ ತಂತಿಯಲ್ಲಿ ಏನಾದರೂ ಉಳಿದಿರುತ್ತದೆಯೇ, ಪಕ್ಕದ ಲೈನಿನ ಮಾತು ಸೇರಿಕೊಳ್ಳುತ್ತದೆಯೇ ಎಂದು. ಅವನು ನೇತಾಡುತ್ತಿದ್ದ ತುಂಡನ್ನು ಬೆರಳಲ್ಲಿ ಹಿಡಿದು ತೋರಿಸಿದ. “ಸೇರೋಕೆ ಆಚೆ ಕಡೆ ಏನಾದ್ರೂ ಇರ್ಬೇಕಲ್ಲ ಮೇಡಂ. ನಾನೇ ಕಟ್ ಮಾಡಿದ್ದು.” ನನ್ನ ಮುಖ ನೋಡಿ ಬಾಟಲಿಯಲ್ಲಿದ್ದ ನೀರು ಕೊಟ್ಟ.

ಡಾಕ್ಟರಮ್ಮನಿಗೆ ಭಾವನ ಮಾತಿನ ಸಂಗತಿಯನ್ನಷ್ಟೇ ಹೇಳಿದೆ. ಬಾಯಿಗೆ ರೂಢಿಯಾದ ಮಾತು ಎಷ್ಟೋ ಸಲ ಮೊದಲು ಮರಳುತ್ತದೆ, ಆಶ್ಚರ್ಯವಿಲ್ಲ ಎಂದರು. ನಾನು ಅದನ್ನು ಒಪ್ಪುತ್ತೇನೆ. ಭಾವನಿಗೆ ಮಾತು ಬಂದದ್ದು ನನಗೆ ವಿಚಿತ್ರವಲ್ಲ. ಆದರೆ ಅದು ಉತ್ತರ. ಪ್ರಶ್ನೆ ಕೇಳಿದವಳು ನಾನು, ಕೇಳಿದ್ದು ಭದ್ರಾವತಿಯಲ್ಲಿ, ಎತ್ತಲೂ ಹೋಗದ ಒಂದು ತಂತಿಗೆ. ಆ ತಂತಿಯನ್ನು ಎಷ್ಟು ಸಲ ಮನಸ್ಸಿನಲ್ಲೇ ಬಿಚ್ಚಿ ಪರೀಕ್ಷಿಸಿದರೂ ತೊಂದರೆ ಆಚೆಗಿನದೋ ಈಚೆಗಿನದೋ ನನಗೆ ಹೇಳಲಾಗಿಲ್ಲ. ಅಕ್ಕನಿಗೆ ಒಮ್ಮೆ ಎಲ್ಲವನ್ನೂ ಹೇಳಿದೆ. ಅವಳಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. “ಒಳಗಿನ ಲೈನ್ ಸರಿ ಇದೆ ಅಂತ ನಾನು ಹೇಳ್ತಾನೇ ಇದ್ನಲ್ಲ” ಎಂದು ಅವರೆಕಾಳು ಬಿಡಿಸುವುದನ್ನು ಮುಂದುವರಿಸಿದಳು.

ಈಗ ಭಾವ ಭದ್ರಾವತಿಯ ಮನೆಯಲ್ಲಿದ್ದಾರೆ. ಹೊಸ ಬಿಳೀ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತದೆ, ಹಳೇ ಕಪ್ಪು ಪೆಟ್ಟಿಗೆಯೂ ಪಕ್ಕದಲ್ಲೇ ಇದೆ. ದಿನಾ ಅಭ್ಯಾಸ ನಡೆಯುತ್ತದೆ. ಹೌದು, ಬೇಡ, ನೀರು, ಸಾಕು, ಅಕ್ಕನ ಹೆಸರು, ಇಷ್ಟೆಲ್ಲ ಬರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ತಾವಾಗಿ ಪ್ರಶ್ನೆ ಕೇಳುವುದು ಮಾತ್ರ ಅವರಿಗೆ ಆಗುತ್ತಿಲ್ಲ. ಡಾಕ್ಟರಮ್ಮ ಎಷ್ಟು ಹೇಳಿಕೊಟ್ಟರೂ ತುಟಿಯವರೆಗೆ ಬಂದು ನಿಲ್ಲುತ್ತದೆ.

ಹೋದಾಗಲೆಲ್ಲ ನಾನು ಅವರ ಎದುರು ಕುಳಿತು “ಊಟ ಆಯ್ತಾ ಭಾವ?” ಎನ್ನುತ್ತೇನೆ. “ಆಯ್ತು” ಎನ್ನುತ್ತಾರೆ. ನಿನ್ನದಾಯಿತೇ ಎಂದು ತಿರುಗಿ ಕೇಳುವುದಿಲ್ಲ, ಯಾವತ್ತೋ ಕೇಳಿ, ಉತ್ತರ ಪಡೆದು ಆಗಿದೆ ಅನ್ನುವವರ ಹಾಗೆ ನನ್ನನ್ನು ನೋಡುತ್ತಾ ಕುಳಿತಿರುತ್ತಾರೆ.